ನಂದಿ ಬುಡದ ಮಣ್ಣುದಾರಿಗಳಲ್ಲಿ ಸೈಕಲ್ ತುಳಿಯುವುದು ಹೇಗೆ

ಭಾನುವಾರ ಬೆಳಗ್ಗೆ ಹೆಬ್ಬಾಳದಿಂದ ನಂದಿ ಕಡೆ ಸೈಕಲ್ ತುಳಿದವರಿಗೆ ಗೊತ್ತು. ಏರ್‌ಪೋರ್ಟ್ ಟ್ಯಾಕ್ಸಿಗಳು ಮೊಣಕೈ ಸವರಿಕೊಂಡೇ ಹೋಗುತ್ತವೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಸೂರ್ಯೋದಯ ನೋಡಲು ಹೊರಟ ಕಾರುಗಳ ಸಾಲು. ಆದರೆ ಅದೇ ಬೆಟ್ಟದ ಬುಡದಲ್ಲಿ ಡಾಂಬರು ಬಿಟ್ಟು ಸ್ವಲ್ಪ ಒಳಗೆ ಇಳಿದರೆ ಸಾಕು, ಗಂಟೆಗಟ್ಟಲೆ ತುಳಿದರೂ ಎದುರಿಗೆ ಸಿಗುವುದು ಎರಡೋ ಮೂರೋ ಟ್ರ್ಯಾಕ್ಟರ್, ಹಾಲಿನ ಕ್ಯಾನ್ ಕಟ್ಟಿಕೊಂಡ ಒಂದು ಮೊಪೆಡ್, ಕುರಿ ಹಿಂಡು. ಅಷ್ಟೇ.

ಈ ದಾರಿಗಳು ಯಾವ ಆ್ಯಪ್‌ನಲ್ಲೂ ಸರಿಯಾಗಿ ಸಿಗುವುದಿಲ್ಲ. ನಾನು ಹುಡುಕುವ ರೀತಿ ಬೇರೆ. ಮೊದಲು ಉಪಗ್ರಹ ನಕ್ಷೆಯಲ್ಲಿ ಕೆರೆಗಳನ್ನು ಗುರುತು ಹಾಕಿಕೊಳ್ಳಿ. ನಮ್ಮ ಕಡೆ ಕೆರೆಗಳೆಲ್ಲ ಒಂದಕ್ಕೊಂದು ಸರಪಳಿ ಹಾಗೆ ಇವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಬರುತ್ತದೆ. ಅರ್ಕಾವತಿ ಹುಟ್ಟುವುದೂ ನಂದಿ ಬೆಟ್ಟದಲ್ಲೇ, ಅದರ ಉದ್ದಕ್ಕೂ ಇಂಥ ಕೆರೆಗಳೇ. ಎಷ್ಟೋ ಕಡೆ ಆ ಕಾಲುವೆ ಪಕ್ಕದಲ್ಲೇ ಒಂದು ಬಂಡಿ ದಾರಿ ಇರುತ್ತದೆ, ಕೆರೆ ಏರಿ ಮೇಲೆ ಇನ್ನೊಂದು. ನೀರು ಇಳಿಯುವ ಕಡೆಗೇ ನೀವೂ ಹೋದರೆ ಇಳಿಜಾರು ಮೆತ್ತಗಿರುತ್ತದೆ, ದಾರಿ ತಪ್ಪುವುದೂ ಕಡಿಮೆ. ಒಂದು ಏರಿಯಿಂದ ಇನ್ನೊಂದು ಏರಿಗೆ ಗೆರೆ ಎಳೆಯಿರಿ, ನಿಮ್ಮ ರೂಟ್ ಮುಕ್ಕಾಲು ಪಾಲು ತಯಾರಾಯಿತು.

ಉಳಿದ ಕಾಲು ಭಾಗ ಊರಿನವರನ್ನು ಕೇಳಿಯೇ ಆಗಬೇಕು. ಕೇಳುವುದರಲ್ಲೂ ಒಂದು ರೀತಿ ಇದೆ. ‘ಅಣ್ಣ, ಇಲ್ಲಿ ದಾರಿ ಇದೆಯಾ?’ ಅಂದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ನಡೆಯುವವರಿಗೆ ಎಲ್ಲ ಕಡೆಯೂ ದಾರಿ ಇದೆ, ಅಲ್ವಾ? ‘ಟ್ರ್ಯಾಕ್ಟರ್ ಹೋಗುತ್ತಾ?’ ಅಂತ ಕೇಳಿ. ಟ್ರ್ಯಾಕ್ಟರ್ ಹೋದರೆ ಸೈಕಲ್ ಆರಾಮಾಗಿ ಹೋಗುತ್ತದೆ. ‘ಟ್ರ್ಯಾಕ್ಟರ್ ಹೋಗಲ್ಲ, ಗಾಡಿ ಹೋಗುತ್ತೆ’ ಅಂದರೆ ಸ್ವಲ್ಪ ಕಷ್ಟ, ಆದರೂ ಆಗುತ್ತದೆ; ಗಾಡಿ ಅಂದರೆ ಇಲ್ಲಿ ಮೋಟರ್ ಬೈಕ್. ‘ದನ ಹೋಗ್ತವೆ’ ಅಂದರೆ ಮಾತ್ರ ವಾಪಸ್ ತಿರುಗಿ, ಇಲ್ಲದಿದ್ದರೆ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಒಂದು ಸಲ ಈ ಮಾತು ಕೇಳದೆ ಮುಂದೆ ಹೋಗಿ, ಅರ್ಧ ಗಂಟೆ ಲಂಟಾನ ಪೊದೆಗಳ ನಡುವೆ ಹೊತ್ತು ನಡೆದಿದ್ದೇನೆ.

ಇನ್ನೊಂದು ಮಾತು: ದಾರಿ ಯಾರದ್ದು ಅಂತ ತಿಳಿದಿರಬೇಕು. ಊರಿನವರು ‘ನಕಾಶೆ ದಾರಿ’ ಅನ್ನುತ್ತಾರಲ್ಲ, ಅದು ಗ್ರಾಮದ ನಕ್ಷೆಯಲ್ಲೇ ಇರುವ ದಾರಿ, ಎಲ್ಲರೂ ಓಡಾಡಬಹುದು. ಹೊಲದ ನಡುವೆ ರೈತರು ತಮಗಾಗಿ ಮಾಡಿಕೊಂಡ ದಾರಿ ಹಾಗಲ್ಲ. ಅನುಮಾನ ಬಂದರೆ ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ತಂತಿ, ಮುಳ್ಳುಬೇಲಿ, ಗೇಟು ಕಂಡರೆ ಕೇಳಿಯೇ ದಾಟಿ. ತೆರೆದ ಗೇಟು ಮತ್ತೆ ಮುಚ್ಚಿ. ಒಬ್ಬ ಸೈಕಲ್‌ನವನು ಬಿಟ್ಟ ಗೇಟಿನಿಂದ ದನ ನುಗ್ಗಿ ರಾಗಿ ಮೇಯ್ದರೆ ಮುಂದಿನ ವಾರದಿಂದ ನಮಗೆಲ್ಲರಿಗೂ ಆ ದಾರಿ ಬಂದ್.

ಎಲ್ಲಿಂದ ಶುರು ಮಾಡುವುದು? ಹೊಸಬರಿಗೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ ಅಲ್ಲಿಂದ ಹೊರಡುವುದು ಸುಲಭ. ಸುಲ್ತಾನ್‌ಪೇಟೆ ಕಡೆಗೂ ಹೋಗಬಹುದು, ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ಕಡೆಗೂ ತಿರುಗಬಹುದು. ಸುತ್ತ ನಂದಿ, ಸ್ಕಂದಗಿರಿ, ಚನ್ನಗಿರಿ, ಬ್ರಹ್ಮಗಿರಿ, ದಿವ್ಯಗಿರಿ. ದಿಕ್ಕು ತಪ್ಪಿದರೂ ಯಾವುದಾದರೂ ಒಂದು ಬೆಟ್ಟ ಕಣ್ಣಿಗೆ ಬೀಳುತ್ತದೆ. ಆವಲಗುರ್ಕಿ ಕಡೆಯ ರಸ್ತೆ ಮಾತ್ರ ವಾರಾಂತ್ಯದಲ್ಲಿ ಬೇಡ, 2023ರ ಜನವರಿಯಲ್ಲಿ ಅಲ್ಲಿ ಆದಿಯೋಗಿ ಪ್ರತಿಮೆ ಬಂದಮೇಲೆ ವಾಹನ ಜಾಸ್ತಿ. ಕಲ್ಲು ಕ್ವಾರಿಗಳ ರಸ್ತೆಯೂ ಬೇಡ, ಟಿಪ್ಪರ್ ಎಬ್ಬಿಸಿದ ಧೂಳಿನಲ್ಲಿ ಹಿಂದೆ ಬರುವವನಿಗೆ ನೀವು ಕಾಣುವುದೇ ಇಲ್ಲ. ಸ್ವಲ್ಪ ಅಭ್ಯಾಸವಾದ ಮೇಲೆ ದೊಡ್ಡಬಳ್ಳಾಪುರದ ಆಚೆ ಮಾಕಳಿದುರ್ಗ, ಘಾಟಿ ಸುಬ್ರಹ್ಮಣ್ಯ ಕಡೆ ಹೋಗಿ. ಬೆಟ್ಟಗಳ ಸಂದಿಯಲ್ಲಿ ರೈಲು ಹಳಿ, ಪಕ್ಕದಲ್ಲಿ ಮಣ್ಣುದಾರಿ. ನನಗೆ ಅದಕ್ಕಿಂತ ಚೆಂದದ ಜಾಗ ಬೆಂಗಳೂರಿನ ಹತ್ತಿರ ಇನ್ನೊಂದಿಲ್ಲ. ಪುಷ್ಯ ಮಾಸದಲ್ಲಿ ಘಾಟಿ ಜಾತ್ರೆ, ದನದ ಜಾತ್ರೆ ನಡೆಯುವ ದಿನಗಳನ್ನು ಮಾತ್ರ ಬಿಡಿ.

ಕಾಡಿನ ವಿಷಯದಲ್ಲಿ ಸಡಿಲ ಬೇಡ. ಅರಣ್ಯ ಇಲಾಖೆಯ ಬೋರ್ಡ್ ಕಂಡರೆ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಅಂಚಿನ ಹಳ್ಳಿ ದಾರಿ, ನೀಲಗಿರಿ ತೋಪುಗಳೇ ಬೇಕಾದಷ್ಟಿವೆ. ಈ ಬೆಟ್ಟಗಳಲ್ಲಿ ಚಿರತೆ ಇವೆ, ಆದ್ದರಿಂದ ಪೂರ್ತಿ ಬೆಳಕು ಹರಿದ ಮೇಲೇ ಅಂಚಿಗೆ ಹೋಗಿ, ಒಬ್ಬರೇ ಹೋಗಬೇಡಿ.

ಸೈಕಲ್ ಬಗ್ಗೆ. ಜಲ್ಲಿ, ಮಣ್ಣುದಾರಿಗೆಂದೇ ಮಾಡಿದ ಗ್ರಾವೆಲ್ ಸೈಕಲ್ಲೇ ಬೇಕು ಅಂತಿಲ್ಲ. 40 ಮಿಲಿಮೀಟರ್ ಅಗಲದ ಟೈರ್ ಹಿಡಿಸುವ ಯಾವ ಸೈಕಲ್ಲಾದರೂ ಆಗುತ್ತದೆ. ಮುಖ್ಯವಾದದ್ದು ಗಾಳಿ. ಡಾಂಬರಿನ ಲೆಕ್ಕದಲ್ಲಿ ಗಟ್ಟಿಯಾಗಿ ತುಂಬಿಸಿಕೊಂಡು ಬಂದರೆ ಜಲ್ಲಿ ಮೇಲೆ ಕೈಯೆಲ್ಲ ಜೋಮು ಹಿಡಿಯುತ್ತದೆ, ತಿರುವಿನಲ್ಲಿ ಚಕ್ರ ಜಾರುತ್ತದೆ. ನಾನು 70 ಕೆ.ಜಿ. ಇದ್ದೇನೆ, 40ರ ಟೈರಿಗೆ ಸುಮಾರು 35 ಪಿಎಸ್‌ಐ ಗಾಳಿ ಒತ್ತಡ ಇಡುತ್ತೇನೆ, ಹಿಂದಿನದಕ್ಕೆ ಒಂದೆರಡು ಜಾಸ್ತಿ. ಆಮೇಲೆ ಜಾಲಿ ಮುಳ್ಳು. ಕೆರೆ ಅಂಗಳದ ತುಂಬ ಜಾಲಿ. ಟ್ಯೂಬ್‌ಲೆಸ್ ಮಾಡಿಸಿ ಸೀಲಂಟ್, ಅಂದರೆ ತೂತು ಮುಚ್ಚುವ ದ್ರವ, ಹಾಕಿಸಿದರೆ ಮುಳ್ಳು ಕಿತ್ತ ಜಾಗದಲ್ಲಿ ಬಿಳಿ ಹಾಲು ಒಂದೆರಡು ಸುತ್ತು ಚಿಮ್ಮಿ ತಾನೇ ಮುಚ್ಚಿಕೊಳ್ಳುತ್ತದೆ. ಟ್ಯೂಬ್ ಇದ್ದರೆ ಎರಡು ಸ್ಪೇರ್ ಟ್ಯೂಬ್, ಪಂಪು, ಪ್ಯಾಚು. ಹೊಸ ಟ್ಯೂಬ್ ಹಾಕುವ ಮುಂಚೆ ಟೈರ್ ಒಳಗೆ ಬೆರಳಾಡಿಸಿ ನೋಡಿ, ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿರುತ್ತದೆ.

ಮಳೆ ಬಿದ್ದರೆ ಒಂದೆರಡು ದಿನ ಬಿಡಿ. ಕೆಮ್ಮಣ್ಣು ಹಸಿ ಇದ್ದಾಗ ಟೈರಿಗೆ ಮೆತ್ತಿ ಮೆತ್ತಿ ಚಕ್ರವೇ ತಿರುಗದ ಹಾಗೆ ಆಗುತ್ತದೆ. ಕೆರೆ ಗೋಡು ಇನ್ನೂ ಕಷ್ಟ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಅವರೆ ಸೊಗಡಿನ ವಾಸನೆ ಹೊಲದಿಂದಲೇ ಬರುತ್ತಿರುತ್ತದೆ. ಆದರೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೇ ಹಾಸಿರುತ್ತಾರೆ. ಅದರ ಮೇಲೆ ತುಳಿಯಬೇಡಿ, ಇಳಿದು ಪಕ್ಕದಲ್ಲಿ ತಳ್ಳಿಕೊಂಡು ಹೋಗಿ. ಅದು ಅವರ ವರ್ಷದ ಬೆಳೆ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಗೇರ್ ಕಿತ್ತು ಬರುತ್ತದೆ. ನನ್ನದು ಹಾಗೇ ಹೋಯಿತು, ಗೇರ್ ಬದಲಿಸುವ ಹಿಂದಿನ ಡಿರೇಲರ್ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಮುರಿಯಿತು, ಹಾಲಿನ ಟೆಂಪೊದವರು ಹತ್ತಿಸಿಕೊಂಡು ಬಂದರು.

ನಾಯಿ ಅಟ್ಟಿಸಿಕೊಂಡು ಬಂದರೆ ಜೋರು ತುಳಿಯಬೇಡಿ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು ನಿಧಾನಕ್ಕೆ ನಡೆಯಿರಿ. ನೀರು ಎರಡು ಬಾಟಲಿ, ಒಂದು ಪೊಟ್ಟಣ ಚಿಕ್ಕಿ.

ಕೊನೆಗೆ ದ್ರಾಕ್ಷಿ ತೋಟಗಳು. ಕಲ್ಲು ಕಂಬ ನೆಟ್ಟು ತಂತಿ ಎಳೆದ ಚಪ್ಪರ, ಅದರ ಪಕ್ಕದಲ್ಲೇ ದಾರಿ. ಎಲೆ ಮೇಲೆ ತಿಳಿ ನೀಲಿ ಕಲೆ ಕಂಡರೆ ಅದು ಬೋರ್ಡೊ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಔಷಧಿ ಹೊಡೆಯುತ್ತಿದ್ದರೆ ಗಾಳಿ ಬೀಸುವ ಕಡೆ ನಿಲ್ಲಬೇಡಿ, ಮುಗಿಯುವವರೆಗೆ ಕಾಯಿರಿ. ಗೊಂಚಲಿಗೆ ಕೈ ಹಾಕಲೇಬೇಡಿ, ಕೊಯ್ಲಿನ ಸಮಯದಲ್ಲಿ ತೋಟದವರನ್ನು ಕೇಳಿ ಕೊಂಡುಕೊಳ್ಳಿ. 2013ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಬೆಂಗಳೂರು ನೀಲಿ ದ್ರಾಕ್ಷಿ ಇದೇ ಸೀಮೆಯದು. ಸಿಪ್ಪೆ ದಪ್ಪ, ಬೀಜ ಇದೆ, ನಾಲಿಗೆಯಲ್ಲಿ ಒತ್ತಿದರೆ ತಿರುಳು ಜಾರಿ ಹೊರಗೆ ಬರುತ್ತದೆ. ಚೆನ್ನಾಗಿ ತೊಳೆದು ತಿನ್ನಿ. ಮನೆಗೆ ಒಯ್ಯುವುದಾದರೆ ಜೇಬಿಗೆ ಹಾಕಬೇಡಿ, ಜಲ್ಲಿ ದಾರಿಯ ಕುಲುಕಾಟಕ್ಕೆ ಎಲ್ಲ ಒಡೆದು ಅಂಗಿ ಕಲೆಯಾಗುತ್ತದೆ. ನಾನು ಹ್ಯಾಂಡಲ್ ಚೀಲದಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡಿರುತ್ತೇನೆ, ಹೋಗುವಾಗ ಅದರಲ್ಲಿ ಅವಲಕ್ಕಿ, ಬರುವಾಗ ದ್ರಾಕ್ಷಿ.