ಕಡಲತೀರದ ಟಿಪ್ಪಣಿ: ಮೊದಲು ನೀರು, ಆಮೇಲೆ ಹಕ್ಕಿ

ಅಳಿವೆಯ ದಡದಲ್ಲಿ ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಒಂದು ಹಕ್ಕಿಯೂ ಇಲ್ಲ, ಮುಂದಿನ ಭಾನುವಾರ ಅದೇ ಹೊತ್ತಿಗೆ ನೂರಾರು. ವಲಸೆ ಶುರುವಾಯಿತು ಎಂದು ಬರೆದುಕೊಳ್ಳುವ ಮುನ್ನ ನೀರು ಎಲ್ಲಿತ್ತು ನೋಡಿ. ಹೆಚ್ಚಿನ ಸಲ ಬದಲಾಗಿರುವುದು ಅದೇ. ಕರಾವಳಿಯ ವೀಕ್ಷಣೆ ಪುಸ್ತಕದಲ್ಲಿ ಮೊದಲ ಸಾಲು ಉಬ್ಬರ–ಇಳಿತದ್ದು, ಎರಡನೆಯದು ಗಾಳಿಯದ್ದು, ಜೀವಿಗಳು ಆಮೇಲೆ. ಈ ಎರಡು ಸಾಲು ಇಲ್ಲದ ಟಿಪ್ಪಣಿಯನ್ನು ಮುಂದಿನ ವರ್ಷದ್ದರ ಜೊತೆ ಹೋಲಿಸಲು ಬರುವುದಿಲ್ಲ.

ಜಾಗ ಮತ್ತು ಹೊತ್ತು

ಮನೆಗೆ ಹತ್ತಿರದ ಒಂದೇ ಜಾಗ ಆರಿಸಿಕೊಳ್ಳಿ. ಅಳಿವೆಯಾದರೆ ಒಳ್ಳೆಯದು, ಕೆಸರು, ಮರಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕಡಲು ಎಲ್ಲವೂ ಒಂದೇ ಕಡೆ ಸಿಗುತ್ತವೆ. ಪಂಚಗಂಗಾವಳಿ, ಶರಾವತಿ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಅಘನಾಶಿನಿ, ಯಾವುದಾದರೂ ಸರಿ.

ನಮ್ಮ ತೀರದಲ್ಲಿ ಸುಮಾರು 24 ಗಂಟೆ 50 ನಿಮಿಷಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡು ಉಬ್ಬರಗಳ ಎತ್ತರ ಒಂದೇ ಇರುವುದಿಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಬ್ಬರದ ಮುನ್ಸೂಚನೆ ಕೊಡುತ್ತದೆ. ಅದರ ಜೊತೆ ಪಂಚಾಂಗವನ್ನೂ ಇಟ್ಟುಕೊಳ್ಳಿ: ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸು ಅತಿ ಕಡಿಮೆ. ವಾರದ ದಿನ ನೋಡಿ ಹೋಗುವುದಕ್ಕಿಂತ ತಿಥಿ ನೋಡಿ ಹೋಗುವುದು ಮೇಲು. ಈ ಬಿದಿಗೆಗೆ ಹೋದವರು ಮುಂದಿನ ಬಿದಿಗೆಗೆ ಹೋದರೆ ನೀರು ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದೇ ಮಟ್ಟದಲ್ಲಿರುತ್ತದೆ.

ಮುನ್ಸೂಚನೆಯ ಹೊತ್ತು ಬಂದರಿನದು. ನದಿಯ ಒಳಗೆ ಹೋದಷ್ಟೂ ಉಬ್ಬರ ತಡ. ಧಕ್ಕೆಯ ಕಂಬವೊಂದರಲ್ಲಿ ಗುರುತು ನೋಡಿಟ್ಟುಕೊಂಡು, ನೀರು ಏರುವುದು ನಿಂತ ಹೊತ್ತನ್ನು ನಾಲ್ಕಾರು ಸಲ ಬರೆದರೆ ನಿಮ್ಮ ಜಾಗದ ವ್ಯತ್ಯಾಸ ತಿಳಿಯುತ್ತದೆ. ಮಳೆಗಾಲದಲ್ಲಿ ಹೊಳೆಯ ನೆರೆ ಈ ಲೆಕ್ಕವನ್ನು ಕೆಡಿಸುತ್ತದೆ.

ಹಕ್ಕಿ ನೋಡುವ ಕ್ರಮ

ಗೊರವಗಳು ಕೆಸರಿನಲ್ಲಿ ಮೇಯುವುದು ನೀರು ಇಳಿದಾಗ. ಆದರೆ ಪೂರ್ತಿ ಇಳಿದಾಗ ಅವು ದೂರದ ನೀರಿನಂಚಿಗೆ ಹರಡಿಹೋಗಿ ಚುಕ್ಕಿಗಳಾಗಿ ಕಾಣುತ್ತವೆ. ಉಬ್ಬರಕ್ಕೆ ಎರಡು, ಎರಡೂವರೆ ಗಂಟೆ ಮೊದಲೇ ದಡದಲ್ಲಿ ಕೂತುಬಿಡಿ. ಏರುವ ನೀರು ಅವನ್ನು ತಾನಾಗಿ ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ಏರುನೀರಿನಲ್ಲಿ ನೀವು ಕೆಸರಿಗೆ ಇಳಿಯಬೇಡಿ. ಹಿಂದಿನ ತೋಡು ಮೊದಲು ತುಂಬಿ, ವಾಪಸು ಬರುವ ದಾರಿ ಮುಚ್ಚುತ್ತದೆ. ಉಬ್ಬರದ ಹೊತ್ತಿಗೆ ಮರಳದಿಣ್ಣೆಯ ಮೇಲೆ ಗುಂಪಾಗಿ ನಿಂತ ಹಕ್ಕಿಗಳು ವಿಶ್ರಾಂತಿಯಲ್ಲಿರುತ್ತವೆ. ಅವು ತಲೆ ಎತ್ತಿ ನಿಮ್ಮನ್ನು ನೋಡತೊಡಗಿದರೆ ಅಲ್ಲೇ ನಿಲ್ಲಿ. ಹಾರುವ ಚಿತ್ರಕ್ಕಾಗಿ ಎಬ್ಬಿಸುವುದು ದೂರದ ಪಯಣಕ್ಕೆ ಕೂಡಿಟ್ಟ ಕೊಬ್ಬನ್ನು ಕರಗಿಸಿದ ಹಾಗೆ.

ನಮ್ಮ ತೀರ ಪಶ್ಚಿಮಕ್ಕೆ ಮುಖಮಾಡಿದೆ. ಬೆಳಿಗ್ಗೆ ಸೂರ್ಯ ಬೆನ್ನ ಹಿಂದೆ, ಬಣ್ಣ ಸ್ಪಷ್ಟ. ಸಂಜೆ ಕಡಲಿನತ್ತ ನೋಡಿದರೆ ಎಲ್ಲವೂ ಕಪ್ಪು ನೆರಳು. ಆ ಹೊತ್ತಿನಲ್ಲಿ ಬಣ್ಣ ನೋಡಿ ಹೆಸರು ಬರೆಯಬೇಡಿ. ಬೈನಾಕ್ಯುಲರ್ 8×42 ಸಾಕು. ಹತ್ತು ಪಟ್ಟಿನದು ಕಡಲಗಾಳಿಗೆ ಕೈಯಲ್ಲಿ ನಡುಗುತ್ತದೆ. ಲೆನ್ಸ್ ಮೇಲಿನ ಉಪ್ಪನ್ನು ಒಣ ಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಸಿಹಿನೀರಿನಲ್ಲಿ ಒದ್ದೆಮಾಡಿದ ಬಟ್ಟೆಯಿಂದ ಮೊದಲು ಉಪ್ಪು ಕರಗಿಸಿ.

ಚಳಿಗಾಲದಲ್ಲಿ ಹೆಚ್ಚು ಎಡವುವುದು ಕಡಲಹಕ್ಕಿಗಳಾದ ಗಲ್‌ಗಳಲ್ಲಿ. ಕಂದುತಲೆಯದಕ್ಕೂ ಕರಿತಲೆಯದಕ್ಕೂ ಆಗ ತಲೆಯ ಬಣ್ಣವೇ ಇರುವುದಿಲ್ಲ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಅಷ್ಟೆ. ಹಾರುವಾಗ ರೆಕ್ಕೆ ನೋಡಿ: ಕಪ್ಪು ತುದಿಯೊಳಗೆ ಬಿಳಿ ಚುಕ್ಕಿ ಇದ್ದರೆ ಬೆಳೆದ ಕಂದುತಲೆಯದು, ರೆಕ್ಕೆಯ ಮುಂದಿನ ಅಂಚಿನುದ್ದಕ್ಕೂ ಬಿಳಿ ಪಟ್ಟೆ ಇದ್ದರೆ ಕರಿತಲೆಯದು. ದೊಡ್ಡ ಗುಂಪಾದರೆ ಹತ್ತು ಹಕ್ಕಿಗಳನ್ನು ಎಣಿಸಿ, ಅಷ್ಟು ಅಗಲದ ತುಂಡುಗಳು ಎಷ್ಟಿವೆ ಎಂದು ಲೆಕ್ಕಹಾಕಿ. ‘ತುಂಬಾ ಇದ್ದವು’ ಎಂಬ ಟಿಪ್ಪಣಿಯಿಂದ ಉಪಯೋಗವಿಲ್ಲ.

ಹೂವು

ಮರಳಿನ ಮೇಲೆ ಹಬ್ಬಿರುವ, ಆಡಿನ ಗೊರಸಿನ ಆಕಾರದ ಎಲೆಯ ಅಡುಂಬಳ್ಳಿಯಿಂದ ಶುರುಮಾಡಿ. ನೇರಳೆ ಹೂ ಬೆಳಿಗ್ಗೆ ಅರಳಿ ಬಿಸಿಲೇರಿದಂತೆ ಬಾಡುತ್ತದೆ, ಮಧ್ಯಾಹ್ನ ಹೋದವರಿಗೆ ಲೆಕ್ಕ ಸಿಗದು. ನಾಲ್ಕು ಕೋಲು, ನಾಲ್ಕು ಮೀಟರ್ ಹಗ್ಗದಿಂದ ಒಂದು ಚದರ ಮೀಟರ್ ಚೌಕ ಮಾಡಿ, ಪ್ರತಿಸಲ ಅದೇ ಜಾಗದ ಹೂಗಳನ್ನು ಎಣಿಸಿ.

ಆಗಸ್ಟ್–ಸೆಪ್ಟೆಂಬರಿನಲ್ಲಿ ಮುರಕಲ್ಲಿನ ಪದವುಗಳಿಗೆ (ಎತ್ತರದ ಬಯಲುಗಳಿಗೆ) ಹೋಗಿ. ಒಂದೆರಡು ಇಂಚು ಮಣ್ಣಿನಲ್ಲಿ ಯುಟ್ರಿಕ್ಯುಲೇರಿಯಾ, ಡ್ರಾಸಿರಾ ಅರಳಿರುತ್ತವೆ. ನೀರು ನಿಂತ ಆ ಮಣ್ಣಿನಲ್ಲಿ ಸಾರಜನಕ ಕಡಿಮೆ, ಅದಕ್ಕೇ ಇವು ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತವೆ. ಬರಿಗಲ್ಲಿನ ಮೇಲೆ ಮಾತ್ರ ಕಾಲಿಡಿ. ಹೂವಿನ ಚಿತ್ರ ಒಂದೇ ತೆಗೆದರೆ ಗುರುತಿಸುವುದು ಕಷ್ಟ. ಎಲೆಯ ಎರಡೂ ಬದಿ, ಇಡೀ ಗಿಡ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇರಲಿ.

ಮಳೆ, ಗಾಳಿ

ಮಳೆ ಅಳೆಯಲು 10 ಸೆಂ.ಮೀ. ಬಾಯಿಯ ಆಲಿಕೆ, ಅದರ ಕೆಳಗೆ 5 ಲೀಟರ್ ಕ್ಯಾನ್. ಆಲಿಕೆಯ ಬಾಯಿಯ ವಿಸ್ತೀರ್ಣ 78.5 ಚದರ ಸೆಂ.ಮೀ., ಅಂದರೆ 1 ಮಿ.ಮೀ. ಮಳೆಗೆ 7.85 ಮಿಲಿ ನೀರು. ಸಿಕ್ಕ ನೀರನ್ನು 7.85ರಿಂದ ಭಾಗಿಸಿ. ಒಂದು ಲೀಟರ್ ಬಾಟಲಿ 127 ಮಿ.ಮೀ.ಗೇ ತುಂಬುತ್ತದೆ, ಜುಲೈಯ ಒಂದು ಜಡಿಮಳೆಗೆ ಉಕ್ಕಿಹೋಗಿ ಆ ದಿನದ ಲೆಕ್ಕ ಹಾಳು. ಕ್ಯಾನ್ ಅಲುಗದಂತೆ ಕಲ್ಲಿನ ನಡುವೆ ಇಡಿ. ಮರವೋ ಮಾಡೋ ಪಕ್ಕದಲ್ಲಿದ್ದರೆ ಅದರ ಎತ್ತರದ ಎರಡು ಪಟ್ಟು ದೂರ ಬೇಕು, ತೆಂಗಿನ ತೋಟದ ನಡುವೆ ಅಳತೆ ಸರಿಬರುವುದಿಲ್ಲ.

ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯಿರಿ, ಹವಾಮಾನ ಇಲಾಖೆಯ ಮಳೆದಿನ ಮುಗಿಯುವುದು ಆಗ. ಅವರ ಲೆಕ್ಕದಲ್ಲಿ ‘ಭಾರಿ ಮಳೆ’ 64.5 ಮಿ.ಮೀ.ನಿಂದ ಶುರು, ನಿಮ್ಮ ಕ್ಯಾನಿನಲ್ಲಿ ಅರ್ಧ ಲೀಟರಿಗಿಂತ ತುಸು ಹೆಚ್ಚು.

ಗಾಳಿಗೆ ದಿಕ್ಕು, ಜೋರು ಎರಡನ್ನೂ ಬರೆಯಿರಿ. ಎಲೆ, ಸಣ್ಣ ಕಡ್ಡಿ ಬಿಡದೆ ಅಲುಗಿದರೆ ಬ್ಯೂಫೋರ್ಟ್ ಮಾಪಕದಲ್ಲಿ 3. ಧೂಳೆದ್ದು ಸಣ್ಣ ಕೊಂಬೆ ಅಲುಗಿದರೆ 4, ಗಂಟೆಗೆ 20ರಿಂದ 28 ಕಿ.ಮೀ.

ಹಂಚಿಕೊಳ್ಳುವಾಗ

ಇದಕ್ಕೆ ಜಾಲತಾಣಗಳಿವೆ: ಹಕ್ಕಿಪಟ್ಟಿ ಇಬರ್ಡ್‌ಗೆ, ಗಿಡಗಳ ಚಿತ್ರ ಐನ್ಯಾಚುರಲಿಸ್ಟ್‌ಗೆ. ಪಟ್ಟಿಯಲ್ಲಿ ಕಾಗೆ, ಗರುಡವನ್ನೂ ಬಿಡದೆ ಸೇರಿಸಿ; ಅಪರೂಪದವನ್ನಷ್ಟೇ ಬರೆದರೆ ಸಾಮಾನ್ಯ ಹಕ್ಕಿ ಕಡಿಮೆಯಾಗುತ್ತಿರುವುದು ಯಾರಿಗೂ ತಿಳಿಯದು. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ನಮ್ಮ ಕೆಲವು ತೀರಗಳಿಗೆ ಬರುತ್ತವೆ. ಕಡಲಿನಿಂದ ಮೇಲೆ ಬಂದು ಹಿಂದಿರುಗಿದ ಜೋಡಿ ಜಾಡು ಕಂಡರೆ ಅಗೆದು ನೋಡಬೇಡಿ, ಟಾರ್ಚ್ ಹಾಕಬೇಡಿ, ಜಾಗದ ವಿವರವನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಬೇಡಿ. ಗುರುತು ನೆನಪಿಟ್ಟುಕೊಂಡು ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ.