ರಕ್ಷಣಾ ಆದೇಶಕ್ಕೆ ಅರ್ಜಿ: ತಾಲ್ಲೂಕು ಕೋರ್ಟಿನ ಮೆಟ್ಟಿಲು ಹತ್ತುವ ಮೊದಲು ಮತ್ತು ಹತ್ತಿದ ಮೇಲೆ

ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣುಮಗಳಿಗೆ ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಊರುಗಳಲ್ಲಿ ಮೊದಲು ಸಿಗುವುದು ಹಿರಿಯರ ನ್ಯಾಯ. ಗಂಡನನ್ನು ಕೂರಿಸಿ, ನಾಲ್ಕು ಮಾತು ಬೈದು, 'ಇನ್ನು ಮುಂದೆ ಹೊಡೆಯುವುದಿಲ್ಲ' ಎಂದು ಬಾಂಡ್ ಪೇಪರಿನ ಮೇಲೆ ಬರೆಸಿಕೊಂಡು, ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಆತ ಮುಂದೆ ಆ ಮಾತು ಮುರಿದರೆ, ಮುರಿದ ತಪ್ಪಿಗಾಗಿಯೇ ಅವನನ್ನು ಹಿಡಿಯುವ ಅಧಿಕಾರ ಆ ಕಾಗದದಿಂದ ಯಾರಿಗೂ ಬರುವುದಿಲ್ಲ. ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶದ ಬಲ ಬೇರೆ. ಅದನ್ನು ಮುರಿಯುವುದೇ ಒಂದು ಅಪರಾಧ. ಒಂದು ವರ್ಷದವರೆಗೆ ಸೆರೆವಾಸ ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಮತ್ತು ಪೊಲೀಸರು ವಾರಂಟ್ ಇಲ್ಲದೆಯೇ ಬಂಧಿಸಬಹುದು. ಹಾಗೆಂದು ಆ ಬಾಂಡ್ ಪೇಪರನ್ನು ಎಸೆಯಬೇಡಿ. ಹೊಡೆದದ್ದು ನಿಜವೆಂದು ಆತ ತನ್ನ ಸಹಿಯಿಂದಲೇ ಒಪ್ಪಿಕೊಂಡ ಕಾಗದ ಅದು, ಅರ್ಜಿಯ ಜೊತೆ ಅದರ ಜೆರಾಕ್ಸ್ ಇರಲಿ.

ಈ ಆದೇಶ ಸಿಗುವುದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ. ಅರ್ಜಿ ಹಾಕುವುದು ಜೆಎಂಎಫ್‌ಸಿ, ಅಂದರೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ, ಕೋರ್ಟಿನಲ್ಲಿ. ಅದಕ್ಕೆ ಬೀಳುವ ನಂಬರಿನ ಮುಂದೆ 'ಕ್ರಿಮಿನಲ್ ಮಿಸಲೇನಿಯಸ್' ಎಂದು ಇರುವುದನ್ನು ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಇದು ಗಂಡನನ್ನು ಜೈಲಿಗೆ ಕಳಿಸಿ ಎಂದು ಕೇಳುವ ಅರ್ಜಿಯಲ್ಲ, ವಿಚ್ಛೇದನದ ದಾವೆಯೂ ಅಲ್ಲ. ಆತ ಹೊಡೆಯದಂತೆ, ಹತ್ತಿರ ಬಾರದಂತೆ, ಮನೆಯಿಂದ ಹೊರಹಾಕದಂತೆ ತಡೆಯಿರಿ ಎಂದು ಕೇಳುವ ಸಿವಿಲ್ ಸ್ವರೂಪದ ಪರಿಹಾರ. ಠಾಣೆಯಲ್ಲಿ ಬೇರೆ ದೂರು ಕೊಡುವ ಹಕ್ಕು ಇದರಿಂದ ಹೋಗುವುದಿಲ್ಲ.

ಯಾರು ಹಾಕಬಹುದು, ಎಲ್ಲಿ ಹಾಕಬಹುದು

ಮದುವೆಯಾದವಳೇ ಆಗಿರಬೇಕೆಂದಿಲ್ಲ. ಮಗನ ಹೊಡೆತ ತಾಳದ ತಾಯಿ, ಅಣ್ಣನ ಮನೆಯಲ್ಲಿರುವ ತಂಗಿ, ಗಂಡ ಸತ್ತ ಮೇಲೆ ಮೈದುನರ ಕಾಟಕ್ಕೆ ಸಿಕ್ಕ ವಿಧವೆ, ಮದುವೆಯಂತೆಯೇ ಕೂಡಿ ಬಾಳಿದ ಹೆಣ್ಣು, ಎಲ್ಲರಿಗೂ ಈ ಕಾಯ್ದೆ ಇದೆ. ಎದುರುದಾರರು, ಅಂದರೆ ಅರ್ಜಿ ಯಾರ ವಿರುದ್ಧವೋ ಅವರು, ಗಂಡಸರೇ ಆಗಿರಬೇಕು ಎಂಬ ಮಾತನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿದ್ದರಿಂದ ಅತ್ತೆ, ನಾದಿನಿಯರನ್ನೂ ಸೇರಿಸಬಹುದು. ಆದರೆ ಮನೆ ಬಿಟ್ಟು ಹೋಗಿರೆಂಬ ಆದೇಶವನ್ನು ಹೆಂಗಸಿನ ಮೇಲೆ ಮಾಡುವಂತಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕಾಟ ಕೊಟ್ಟವರ ಹೆಸರಷ್ಟೇ ಹಾಕಬೇಕು. ಬೇರೆ ಊರಿನಲ್ಲಿ ಸಂಸಾರ ಮಾಡಿಕೊಂಡಿರುವ ನಾದಿನಿಯ ಗಂಡನನ್ನೂ ಎಳೆದು ತಂದರೆ ನೋಟಿಸ್ ಮುಟ್ಟಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ, ನಿಜವಾದ ದೂರು ತೆಳುವಾಗುತ್ತದೆ.

ದೌರ್ಜನ್ಯವೆಂದರೆ ಹೊಡೆತ ಮಾತ್ರವಲ್ಲ. ಲೈಂಗಿಕ ಬಲಾತ್ಕಾರ, ಹೆಣ್ಣು ಹೆತ್ತಳೆಂದು ಹಂಗಿಸುವುದು, ವರದಕ್ಷಿಣೆಗಾಗಿ ಪೀಡಿಸುವುದು, ಮನೆಖರ್ಚಿಗೆ ಕೊಡದಿರುವುದು, ಎಲ್ಲವೂ ಇದರೊಳಗೆ ಬರುತ್ತವೆ. ಸಂಘದಲ್ಲಿ ಹೆಂಡತಿಯ ಹೆಸರಿನಲ್ಲಿ ಸಾಲ ಎತ್ತಿಸಿ ಕಂತು ಅವಳ ತಲೆಗೇ ಕಟ್ಟುವುದು, ಅವಳ ಖಾತೆಗೆ ಬರುವ ಗೃಹಲಕ್ಷ್ಮಿಯ 2000 ರೂಪಾಯಿಯನ್ನು ಎಟಿಎಂ ಕಾರ್ಡ್ ಕಸಿದು ತೆಗೆದುಕೊಳ್ಳುವುದು, ತವರಿನವರು ಹಾಕಿದ ಬೋರಮಾಳ, ಪಾಟಲಿಗಳನ್ನು ಕೇಳದೆ ಒತ್ತೆ ಇಡುವುದು, ಇವೆಲ್ಲ ಆರ್ಥಿಕ ದೌರ್ಜನ್ಯದ ಸಾಲಿಗೆ ಸೇರುತ್ತವೆ.

ಯಾವ ಕೋರ್ಟು ಎಂಬ ಪ್ರಶ್ನೆಗೆ ಕಾಯ್ದೆಯ ಉತ್ತರ ಉದಾರವಾಗಿದೆ. ನೀವು ಕಾಯಂ ಇರುವ ಊರು, ತಾತ್ಕಾಲಿಕವಾಗಿ ಆಸರೆ ಪಡೆದ ಊರು, ಕೆಲಸ ಮಾಡುವ ಊರು, ಎದುರುದಾರನ ಊರು, ಘಟನೆ ನಡೆದ ಊರು, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಗಂಡನ ಮನೆ ಹುಬ್ಬಳ್ಳಿಯಲ್ಲಿದ್ದು, ನೀವು ಜೀವ ಉಳಿಸಿಕೊಂಡು ರೋಣದ ತವರುಮನೆಗೆ ಬಂದಿದ್ದರೆ, ರೋಣದ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ತಾರೀಖಿಗೆ ಓಡಾಡಬೇಕಾದವನು ಆಗ ಅವನು.

ಮೊದಲು ಯಾರ ಬಳಿ

ಕರ್ನಾಟಕದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯ ಹೊಣೆಯನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಅಂದರೆ ಸಿಡಿಪಿಓಗಳಿಗೆ, ವಹಿಸಲಾಗಿದೆ. ಕಚೇರಿ ಎಲ್ಲಿದೆ ಎಂಬುದು ಗೊತ್ತಿಲ್ಲದಿದ್ದರೆ ಯಾವ ಅಂಗನವಾಡಿಯಲ್ಲಿ ಕೇಳಿದರೂ ಹೇಳುತ್ತಾರೆ (ಕಚೇರಿಯ ದಾರಿಯನ್ನಷ್ಟೇ ಕೇಳಿ, ನಿಮ್ಮ ಸುದ್ದಿಯನ್ನು ಅಲ್ಲಿ ಹೇಳಬೇಕಾಗಿಲ್ಲ). ನೀವು ಹೇಳಿದ್ದನ್ನು ಅವರು ಕೌಟುಂಬಿಕ ಘಟನಾ ವರದಿಯ ನಮೂನೆಯಲ್ಲಿ, ಅಂದರೆ ಎಲ್ಲರೂ ಡಿಐಆರ್ ಎನ್ನುವ ನಮೂನೆ 1ರಲ್ಲಿ, ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅರ್ಜಿಗೆ ನಮೂನೆ 2, ತುರ್ತು ಮಧ್ಯಂತರ ಆದೇಶ (ಅಂತಿಮ ತೀರ್ಮಾನದ ಮೊದಲೇ ಸಿಗುವ ಆದೇಶ) ಬೇಕಾದರೆ ನಮೂನೆ 3ರ ಪ್ರಮಾಣಪತ್ರ. 'ಡಿಐಆರ್ ಬರುವವರೆಗೆ ಕಾಯಿರಿ' ಎಂದು ಯಾರಾದರೂ ಹೇಳಿದರೆ, ಅದು ಇಲ್ಲದೆಯೂ ಆದೇಶ ಮಾಡಬಹುದೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆಯೆಂಬುದನ್ನು ನೆನಪಿಸಿ. ಅರ್ಜಿಯನ್ನು ನೀವೇ ನೇರವಾಗಿ ಹಾಕಬಹುದು, ನಿಮ್ಮ ಪರವಾಗಿ ಬೇರೆಯವರೂ ಹಾಕಬಹುದು.

ವಕೀಲರ ಫೀ ಕೊಡಲು ಹಣವಿಲ್ಲವೆಂದು ಹಿಂಜರಿಯುವ ಕಾರಣವೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಮೂರೂ ಜಿಲ್ಲೆಗಳಲ್ಲಿದೆ, ತಾಲ್ಲೂಕು ಸಮಿತಿಯನ್ನು ತಾಲ್ಲೂಕು ಕೋರ್ಟಿನಲ್ಲಿಯೇ ವಿಚಾರಿಸಬಹುದು, ಫೋನಿನಲ್ಲಿ 15100. ಮನೆಯೊಳಗೆ ಈಗಲೇ ಅಪಾಯವಿದ್ದರೆ ಮಾತ್ರ ಈ ಯಾವ ಕಚೇರಿಯನ್ನೂ ಹುಡುಕಬೇಡಿ. 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ತಂಗಲು ಜಾಗ ಬೇಕಾದರೆ ಸಖಿ ಕೇಂದ್ರವನ್ನೋ ಸಾಂತ್ವನ ಕೇಂದ್ರವನ್ನೋ ಕೇಳಿ.

ಗಾಯವಾಗಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹುಬ್ಬಳ್ಳಿಯವರಿಗೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗಿನವರಿಗೆ ಜಿಮ್ಸ್, ಉಳಿದವರಿಗೆ ತಾಲ್ಲೂಕು ಆಸ್ಪತ್ರೆ. ವೈದ್ಯರು ಕೇಳಿದಾಗ 'ಬಚ್ಚಲಲ್ಲಿ ಜಾರಿ ಬಿದ್ದೆ' ಎಂದು ಹೇಳಿದರೆ ಚೀಟಿಯಲ್ಲಿ ಅದೇ ಬರೆದುಕೊಳ್ಳುತ್ತಾರೆ, ಮತ್ತು ಒಂದು ವರ್ಷದ ನಂತರ ಎದುರು ವಕೀಲರು ಅದೇ ಚೀಟಿಯನ್ನು ಎತ್ತಿ ಹಿಡಿಯುತ್ತಾರೆ. ಯಾರು, ಯಾವುದರಿಂದ ಹೊಡೆದರು ಎಂಬುದನ್ನು ಹೇಳಿ ಎಂಎಲ್‌ಸಿ, ಅಂದರೆ ಆಸ್ಪತ್ರೆಯ ಮೆಡಿಕೋ-ಲೀಗಲ್ ದಾಖಲೆ, ಮಾಡಿಸಿ.

ಅರ್ಜಿಯಲ್ಲಿ ಏನು ಬರೆಯಬೇಕು

ಅರ್ಜಿ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ನಾನು ಓದಿದ ಎಷ್ಟೋ ಅರ್ಜಿಗಳಲ್ಲಿ 'ಎದುರುದಾರನು ಅರ್ಜಿದಾರಳಿಗೆ ದೈಹಿಕವಾಗಿ ಹಾಗೂ ಮಾನಸಿಕವಾಗಿ ಸಹಿಸಲಸಾಧ್ಯವಾದ ಹಿಂಸೆ ನೀಡುತ್ತಾ ಬಂದಿರುತ್ತಾನೆ' ಎಂಬ ಒಂದೇ ಸಾಲು ನಾಲ್ಕು ಪುಟಗಳಲ್ಲಿ ವೇಷ ಬದಲಿಸಿ ಬಂದಿರುತ್ತದೆ. ಎಂದು, ಎಲ್ಲಿ, ಯಾವುದರಿಂದ ಎಂಬುದು ಎಲ್ಲಿಯೂ ಇರುವುದಿಲ್ಲ. ತಾರೀಖು ನೆನಪಿಲ್ಲ ಎಂದು ಹೆಣ್ಣುಮಕ್ಕಳು ಹೇಳುವುದು ಸಹಜ, ಆದರೆ ಹಬ್ಬ ನೆನಪಿರುತ್ತದೆ. ಕಾರಹುಣ್ಣಿಮೆಯ ಹಿಂದಿನ ದಿನ, ಶೀಗಿಹುಣ್ಣಿಮೆಗೆ ಹೊಲಕ್ಕೆ ಹೋಗಿ ಬಂದ ರಾತ್ರಿ, ಪಂಚಮಿಗೆ ಅಣ್ಣ ಕರೆಯಲು ಬಂದಾಗ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಇಳಿಸಿಕೊಂಡು ಕುಳಿತರೆ ಒಂದು ತಾಸಿನಲ್ಲಿ ಐದಾರು ತಾರೀಖು ಸಿಗುತ್ತವೆ.

ಬ್ಯಾಡಗಿಯ ಮೆಣಸಿನಕಾಯಿ ವಖಾರಿಯಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುವ ಒಬ್ಬಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅವಳ ಅರ್ಜಿಯ ಒಂದು ಪ್ಯಾರಾ ಹೀಗಿರಬೇಕು: 'ದಿನಾಂಕ 29-7-2025ರಂದು, ನಾಗರ ಪಂಚಮಿಯ ದಿನ, ಸಂಜೆ ಸುಮಾರು 7 ಗಂಟೆಗೆ ನನ್ನ ಅಣ್ಣ ನನ್ನನ್ನು ತವರಿಗೆ ಕರೆದೊಯ್ಯಲು ಬಂದಾಗ, ಎದುರುದಾರನು ವಾರದ ಪಗಾರವನ್ನು ಕೊಟ್ಟು ಹೋಗು ಎಂದು ಕೇಳಿ, ನಾನು ಕೊಡದಿದ್ದಾಗ ಒಲೆಯ ಪಕ್ಕದಲ್ಲಿದ್ದ ಕಟ್ಟಿಗೆಯಿಂದ ಎಡ ಭುಜಕ್ಕೆ ಎರಡು ಸಲ ಹೊಡೆದನು. ಪಕ್ಕದ ಮನೆಯವರು ಬಂದು ಬಿಡಿಸಿದರು. ಮರುದಿನ ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದೆನು, ಚೀಟಿ ಲಗತ್ತಿಸಿದೆ.' ಇಷ್ಟರಲ್ಲಿ ದಿನವಿದೆ, ಕಾರಣವಿದೆ, ಸಾಕ್ಷಿಯಿದೆ, ಕಾಗದವಿದೆ. ಇಂಥ ನಾಲ್ಕು ಪ್ಯಾರಾ ಸಾಕು. ಹಳೆಯ ಘಟನೆಗಳನ್ನೂ ಬರೆಯಿರಿ. ಘಟನೆ ನಡೆದು ಒಂದು ವರ್ಷದೊಳಗೇ ಅರ್ಜಿ ಹಾಕಬೇಕೆಂಬ ನಿಯಮ ಇದಕ್ಕಿಲ್ಲವೆಂದು 2022ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ.

ಇನ್ನು ಕೋರಿಕೆಯ ಭಾಗ. ಕಲಂ 18ರ ಅಡಿ ರಕ್ಷಣಾ ಆದೇಶ ಕೇಳುವಾಗ 'ಸೂಕ್ತ ರಕ್ಷಣೆ ನೀಡಬೇಕು' ಎಂದು ಬರೆದು ಬಿಟ್ಟರೆ ಆದೇಶವೂ ಅಷ್ಟೇ ಮಸುಕಾಗಿ ಬರುತ್ತದೆ, ಠಾಣೆಯಲ್ಲಿ ಅದನ್ನು ಓದುವ ಹವಾಲ್ದಾರರಿಗೆ ಏನನ್ನು ತಡೆಯಬೇಕೆಂದು ತಿಳಿಯುವುದಿಲ್ಲ. ಮೇಲಿನ ಹೆಣ್ಣುಮಗಳಿಗೆ ಬೇಕಾದದ್ದು ಇದು: ಆತ ಅವಳ ವಖಾರಿಯ ಗೇಟಿಗೆ ಬರಬಾರದು, ಪಗಾರದ ದಿನ ದಾರಿಯಲ್ಲಿ ಅಡ್ಡಗಟ್ಟಬಾರದು, ಮಗಳ ಶಾಲೆಗೆ ಹೋಗಬಾರದು, ಫೋನ್, ವಾಟ್ಸಾಪ್, ಬೇರೆಯವರ ಮೂಲಕ ಹೇಳಿ ಕಳಿಸುವುದು, ಯಾವುದೂ ಕೂಡದು, ಆಸರೆ ಕೊಟ್ಟ ಅಣ್ಣನ ಮೈಮೇಲೆ ಹೋಗಬಾರದು, ಅವಳ ಬಂಗಾರವನ್ನೂ ಜಂಟಿ ಖಾತೆಯನ್ನೂ ಮುಟ್ಟಬಾರದು. ಇವೆಲ್ಲ ಕಲಂ 18ರೊಳಗೇ ಇರುವ ಸಂಗತಿಗಳು. ಸ್ಥಳಗಳ ಹೆಸರನ್ನು ಬಿಡಿಸಿ ಬರೆಯಿರಿ. ಆದರೆ ನೀವು ಈಗ ಗುಟ್ಟಾಗಿ ಇರುವ ಮನೆಯ ವಿಳಾಸ ಅವನಿಗೆ ಗೊತ್ತಿಲ್ಲದಿದ್ದರೆ, ಅರ್ಜಿಯ ಪ್ರತಿ ಅವನ ಕೈಗೂ ಹೋಗುತ್ತದೆಂಬುದನ್ನು ನೆನೆದು, ವಿಳಾಸವನ್ನು ಹೇಗೆ ಬರೆಯಬೇಕೆಂದು ವಕೀಲರನ್ನು ಕೇಳಿ ಮುಂದುವರಿಯಿರಿ.

ಅದೇ ಅರ್ಜಿಯಲ್ಲಿ ವಾಸದ ಹಕ್ಕು, ಜೀವನಾಂಶ ಮತ್ತು ಆಸ್ಪತ್ರೆ ಖರ್ಚು, ಮಕ್ಕಳ ತಾತ್ಕಾಲಿಕ ಸುಪರ್ದಿ, ಪರಿಹಾರ ಧನ ಇವನ್ನೂ ಕೇಳಬಹುದು. ಕಲಂ 19ರಿಂದ 22ರವರೆಗಿನವು ಅವು. ಮನೆ ಅತ್ತೆ ಮಾವನ ಹೆಸರಿನಲ್ಲಿದೆ, ನಿನಗೇನು ಹಕ್ಕು ಎಂಬ ಮಾತಿಗೆ ಹೆದರಬೇಡಿ. ಮನೆ ಅವರ ಹೆಸರಿನಲ್ಲಿದೆ ಎಂಬುದೊಂದರಿಂದಲೇ ಸೊಸೆಯ ವಾಸದ ಹಕ್ಕು ಹೋಗುವುದಿಲ್ಲವೆಂದು 2020ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಗಂಡ ಸಾರಿಗೆ ಸಂಸ್ಥೆಯಲ್ಲೋ ರೈಲ್ವೆಯಲ್ಲೋ ನೌಕರಿಯಲ್ಲಿದ್ದು ಹಣ ಕಟ್ಟದಿದ್ದರೆ, ಸಂಬಳದಿಂದಲೇ ಮುರಿದು ಕೊಡುವಂತೆ ಉದ್ಯೋಗದಾತರಿಗೆ ಆದೇಶ ಮಾಡಲು ಕಲಂ 20ರಲ್ಲಿ ಅವಕಾಶವಿದೆ. ಜೀವನಾಂಶ ಕೇಳಿದಾಗ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಇಬ್ಬರೂ ಸಲ್ಲಿಸಬೇಕಾಗುತ್ತದೆ, ನಿಮ್ಮ ಕೂಲಿಯನ್ನು ಮುಚ್ಚಿಡಬೇಡಿ.

ವಾಟ್ಸಾಪ್ ಬೆದರಿಕೆಗಳನ್ನೂ ಧ್ವನಿ ಸಂದೇಶಗಳನ್ನೂ ಅಳಿಸದೆ ಇಡಿ, ಫೋನ್ ಬದಲಿಸಿದರೂ ಹಳೆಯದನ್ನು ಮಾರಬೇಡಿ. ಪ್ರಿಂಟ್ ಹಾಕಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಯನ್ನು ದೃಢೀಕರಿಸುವ ಪತ್ರ) ಜೊತೆಗಿರಬೇಕು.

ಅರ್ಜಿ ಹಾಕಿದ ಮೇಲೆ

ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ತೀರ್ಮಾನ 60 ದಿನಗಳೊಳಗೆ ಆಗಬೇಕೆಂಬುದು ಕಾಯ್ದೆಯ ಆಶಯ. ಕೋರ್ಟಿನ ಕೆಲಸದ ಹೊರೆಯಲ್ಲಿ ಅದು ಹಿಗ್ಗುತ್ತದೆ. ಆದ್ದರಿಂದಲೇ ಮೊದಲ ದಿನವೇ ಕಲಂ 23ರ ಅಡಿ ಮಧ್ಯಂತರ ಆದೇಶ ಕೇಳಬೇಕು. ಪ್ರಮಾಣಪತ್ರವನ್ನು ನೋಡಿ, ಎದುರುದಾರ ಬರುವ ಮೊದಲೇ ಏಕಪಕ್ಷೀಯವಾಗಿ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ನೋಟಿಸ್ ಮುಟ್ಟಿಸುವುದು ಸಂರಕ್ಷಣಾಧಿಕಾರಿಯ ಕೆಲಸವಾದರೂ, 'ಮನೆ ಬೀಗ ಹಾಕಿದೆ' ಎಂಬ ಷರಾದೊಂದಿಗೆ ಅದು ವಾಪಸಾಗುವುದು ಮಾಮೂಲು. ಆತ ಕೆಲಸ ಮಾಡುವ ಜಾಗದ ವಿಳಾಸ, ಮೊಬೈಲ್ ನಂಬರನ್ನು ಮೊದಲೇ ಕೊಟ್ಟಿದ್ದರೆ ಎರಡು ತಾರೀಖು ಉಳಿಯುತ್ತವೆ. ಕೇಸಿನ ಸಿಎನ್‌ಆರ್ ನಂಬರನ್ನು (ಪ್ರತಿ ಕೇಸಿಗೂ ಬೀಳುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡರೆ ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಬಹುದು; ಮುಂಡರಗಿಯಿಂದ ಗದಗಕ್ಕೆ ಹೋಗಿ ಬರುವುದಾದರೂ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಖರ್ಚಿಲ್ಲ, ಆಧಾರ್ ಕಾರ್ಡ್ ಮರೆಯದಿದ್ದರೆ ಸಾಕು.

ಎಲ್ಲರೆದುರು ಹೇಳಲಾಗದ ಸಂಗತಿಯಿದ್ದರೆ ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಕೇಳಬಹುದು. ಮ್ಯಾಜಿಸ್ಟ್ರೇಟರು ಆಪ್ತ ಸಮಾಲೋಚನೆಗೆ ಕಳಿಸಿದರೆ ಹೋಗಿ; ಅಲ್ಲಿ 'ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ' ಎಂದು ಸಮರ್ಥಿಸಿಕೊಳ್ಳಲು ಆತನಿಗೆ ನಿಯಮಗಳ ಪ್ರಕಾರ ಅವಕಾಶವಿಲ್ಲ. ರಾಜಿಯಾದರೆ ಆಗಲಿ, ಆದರೆ ಷರತ್ತುಗಳು ಕೋರ್ಟಿನ ಆದೇಶದಲ್ಲಿ ದಾಖಲಾಗಲಿ. ಬರಿಯ ಮಾತಿನ ಮೇಲೆ ಅರ್ಜಿ ವಾಪಸ್ ಪಡೆದರೆ ಮತ್ತೆ ಬಾಂಡ್ ಪೇಪರಿನ ಕಾಲಕ್ಕೇ ಹೋದಂತೆ.

ಆದೇಶ ಬಂದ ದಿನ ಅದರ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು, ನಿಮ್ಮ ಠಾಣೆಗೂ ಹೋಗಬೇಕು. ಅದು ಹೋಗಿಯೇ ಇದೆಯೆಂದು ನಂಬಿ ಕೂರಬೇಡಿ. ದೃಢೀಕೃತ ಪ್ರತಿಯನ್ನು ನೀವೇ ಠಾಣೆಗೆ ಒಯ್ದು, ನಿಮ್ಮ ಬಳಿ ಉಳಿಯುವ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಒಂದು ಪ್ರತಿ ಫೋನಿನಲ್ಲಿ, ಒಂದು ತವರಿನಲ್ಲಿ, ಒಂದು ಕೆಲಸದ ಜಾಗದ ಮಾಲೀಕರ ಬಳಿ ಇರಲಿ. ಆತ ಆದೇಶ ಮುರಿದು ಗೇಟಿಗೆ ಬಂದರೆ 112ಕ್ಕೆ ಫೋನ್ ಮಾಡಿ, ಬಂದವರ ಕೈಗೆ ಪ್ರತಿಯನ್ನು ಕೊಟ್ಟು, ಕಲಂ 31ರ ಅಡಿ ದೂರು ಬರೆಸಿ. ಈ ಅಪರಾಧಕ್ಕೆ ಠಾಣೆಯಲ್ಲಿ ಜಾಮೀನಿಲ್ಲ, ಮತ್ತು ನಿಮ್ಮೊಬ್ಬರ ಸಾಕ್ಷ್ಯದ ಮೇಲೆಯೇ ಕೋರ್ಟು ತೀರ್ಮಾನಕ್ಕೆ ಬರಬಹುದು. ಜೀವನಾಂಶ ಕಟ್ಟದಿದ್ದರೆ ಮಾತ್ರ ದಾರಿ ಬೇರೆ: ಅದಕ್ಕೆ ಅದೇ ಕೋರ್ಟಿನಲ್ಲಿ ವಸೂಲಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಆದೇಶ ನಿಮ್ಮ ವಿರುದ್ಧ ಬಂದರೆ ಅಥವಾ ಕೇಳಿದ್ದಕ್ಕಿಂತ ಕಡಿಮೆ ಸಿಕ್ಕರೆ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬೇಕು. ಸಿಕ್ಕ ರಕ್ಷಣಾ ಆದೇಶಕ್ಕೆ ವರ್ಷದ ಗಡುವು ಇಲ್ಲ, ನೀವಾಗಿ ಬೇಡವೆಂದು ಅರ್ಜಿ ಕೊಡುವವರೆಗೆ ಅದು ಊರ್ಜಿತ. ಪರಿಸ್ಥಿತಿ ಬದಲಾಗಿದೆಯೆಂದು ತಿದ್ದುಪಡಿ ಕೇಳಲು ಇಬ್ಬರಿಗೂ ಅವಕಾಶವಿದೆ. ನಾಳೆ ನೀವು ಬ್ಯಾಡಗಿಯಿಂದ ಹುಬ್ಬಳ್ಳಿಗೆ ಕೆಲಸ ಬದಲಿಸಿದರೆ, ಹೊಸ ಕೆಲಸದ ವಿಳಾಸವನ್ನು ಆದೇಶದಲ್ಲಿ ಸೇರಿಸಲು ಒಂದು ಚಿಕ್ಕ ಅರ್ಜಿ ಹಾಕಿ, ತಿದ್ದಿದ ಪ್ರತಿಯನ್ನು ಅಲ್ಲಿನ ಠಾಣೆಗೂ ಮುಟ್ಟಿಸಿ.