ಹೊಸ ಟ್ರಕ್ ಕ್ಯಾಂಪರ್: ಸಹಿ ಹಾಕುವ ಮುನ್ನ

ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರುವ ಕ್ಯಾಂಪರ್, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಪುಟ್ಟ ಮನೆ, ಎಷ್ಟೇ ಹೊಸದಾಗಿರಲಿ, ಹಳೆಯದನ್ನು ನೋಡುವಷ್ಟೇ ಅನುಮಾನದಿಂದ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀರಿನ ಪೈಪು, ಗ್ಯಾಸ್ ಪೈಪು, ವೈರಿಂಗು, ಮರಗೆಲಸ ಎಲ್ಲವನ್ನೂ ಅಷ್ಟು ಚಿಕ್ಕ ಜಾಗದಲ್ಲಿ ಜೋಡಿಸಿರುತ್ತಾರೆ. ಆಮೇಲೆ ಅದು ದಾರಿಯುದ್ದಕ್ಕೂ ಕುಲುಕಾಡಿಕೊಂಡು ಡೀಲರ್ ಅಂಗಳ ಸೇರುತ್ತದೆ. ಎಲ್ಲೋ ಒಂದು ಕ್ಲಾಂಪ್ ಸಡಿಲವಾಗಿದ್ದರೆ ಆಶ್ಚರ್ಯವಿಲ್ಲ. ಅದನ್ನು ಅಲ್ಲೇ, ಸಹಿ ಹಾಕುವ ಮೊದಲೇ ಹುಡುಕಿ ತೆಗೆಯಬೇಕು. ಸಹಿಗೆ ಮುಂಚೆ ಮೆಕ್ಯಾನಿಕ್ ತಕ್ಷಣ ಓಡಿಬರುತ್ತಾನೆ. ಸಹಿ ಆದಮೇಲೆ ಸರದಿಯಲ್ಲಿ ಕಾಯಬೇಕು.

ಕ್ಯಾಂಪರ್ ನೋಡಲು ಹೋಗುವುದಕ್ಕೂ ಮೊದಲು ತೂಕದ ಲೆಕ್ಕ ಮುಗಿಸಿ. ಅಮೆರಿಕದ ಪಿಕಪ್‌ಗಳಲ್ಲಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಟೈರ್ ಮತ್ತು ಲೋಡ್ ವಿವರದ ಸ್ಟಿಕ್ಕರ್ ಇರುತ್ತದೆ. ಜನ, ಸಾಮಾನು ಎಲ್ಲ ಸೇರಿ ಎಷ್ಟು ಹೊರಬಹುದು ಅಂತ ನಿಮ್ಮದೇ ಟ್ರಕ್ಕಿಗೆ ಬರೆದ ಅಂಕಿ ಅದು. ಜಾಹೀರಾತಿನ ಅಂಕಿ ಬಿಟ್ಟು ಅದನ್ನೇ ನಂಬಿ. ಒಂದು ಉದಾಹರಣೆ: ಸ್ಟಿಕ್ಕರ್ 1,400 ಕೆಜಿ ಅನ್ನುತ್ತದೆ, ಕ್ಯಾಂಪರ್ ಕೈಪಿಡಿ 900 ಕೆಜಿ ಅನ್ನುತ್ತದೆ. ಬೇಕಾದಷ್ಟು ಉಳಿಯಿತಲ್ಲ ಅನ್ನಿಸುತ್ತದೆ. ಆದರೆ ಆ 900 ಸಾಮಾನ್ಯವಾಗಿ ಬರಿದಾದ ಕ್ಯಾಂಪರಿನ ತೂಕ. ಎಸಿ, ಸೋಲಾರ್, ಬ್ಯಾಟರಿ, ಗ್ಯಾಸ್ ಸೇರಿ 120. ನೀರು 110 ಲೀಟರ್ ಅಂದರೆ 110 ಕೆಜಿ. ಇಬ್ಬರು ಮನುಷ್ಯರು 150. ಬಟ್ಟೆ, ಪಾತ್ರೆ, ಕುರ್ಚಿ, ಉಪಕರಣ 150. ಕೂಡಿದರೆ 1,430. ಆಗಲೇ ಮಿತಿ ದಾಟಿತು! ಈ ಲೆಕ್ಕವನ್ನು ಮಾರಾಟಗಾರನ ಬಾಯಲ್ಲಿ ಕೇಳದೆ ನೀವೇ ಕೂತು ಬರೆಯಿರಿ. ಹಿಂದಿನ ಟೈರ್‌ಗಳ ಮೇಲೆ ಬರೆದಿರುವ ಲೋಡ್ ಸಾಮರ್ಥ್ಯವನ್ನೂ ನೋಡಿಕೊಳ್ಳಿ. ಕ್ಯಾಂಪರಿನ ಮಗ್ಗುಲಲ್ಲಿ ಗುರುತ್ವ ಕೇಂದ್ರದ ಗುರುತು ಇರುತ್ತದೆ. ಕ್ಯಾಂಪರ್ ಕೂತಾಗ ಆ ಗುರುತು ಹಿಂದಿನ ಆಕ್ಸಲ್‌ಗಿಂತ ಮುಂದಿರಬೇಕು. ಹಿಂದೆ ಹೋದರೆ ಟ್ರಕ್ಕಿನ ಮುಂಭಾಗ ಹಗುರಾಗಿ ಸ್ಟೀರಿಂಗ್ ಹಿಡಿತ ಕಮ್ಮಿಯಾಗುತ್ತದೆ.

ನೋಡಲು ಹೋಗುವ ಹಿಂದಿನ ದಿನವೇ ಡೀಲರ್‌ಗೆ ಫೋನ್ ಮಾಡಿ ಹೇಳಿ: ಫ್ರಿಜ್ ರಾತ್ರಿಯೇ ಆನ್ ಮಾಡಿಡಿ, ಗ್ಯಾಸ್ ತುಂಬಿಸಿಡಿ, ನೀರಿನ ಟ್ಯಾಂಕ್ ತುಂಬಿಸಲು ಹೋಸ್ ಪೈಪ್ ಹತ್ತಿರದಲ್ಲಿರಲಿ. ಗ್ಯಾಸಿನಿಂದಲೂ ಓಡುವ ಫ್ರಿಜ್ ತಣ್ಣಗಾಗಲು ಗಂಟೆಗಟ್ಟಲೆ ಬೇಕು. ನೀವು ಹೋದಮೇಲೆ ಹಾಕಿದರೆ ಅದು ಕೆಲಸ ಮಾಡುತ್ತದೋ ಇಲ್ಲವೋ ಸಂಜೆವರೆಗೂ ಗೊತ್ತಾಗುವುದಿಲ್ಲ. ಹೋಗುವಾಗ ಟಾರ್ಚು, ಟಿಶ್ಯೂ ಕಾಗದ, ಮಲ್ಟಿಮೀಟರ್, ಅಳತೆ ಟೇಪು, ಸೋಪು ನೀರಿನ ಸ್ಪ್ರೇ ಬಾಟಲಿ ಒಯ್ಯಿರಿ. ಬೆಳಿಗ್ಗೆಯೇ ಹೋಗಿ.

ನಾನು ಮೊದಲು ಏಣಿ ಕೇಳುತ್ತೇನೆ. ಕ್ಯಾಂಪರಿಗೆ ದೊಡ್ಡ ಶತ್ರು ನೀರು, ಅದು ಬರುವುದು ಮೇಲಿಂದ. ಛಾವಣಿಯ ಫ್ಯಾನ್, ಸೋಲಾರ್ ತಂತಿ ಇಳಿಯುವ ಜಾಗ, ಅಂಚಿನ ಪಟ್ಟಿ, ಇವೆಲ್ಲದರ ಸುತ್ತ ನೀರು ತಡೆಯುವ ಸೀಲೆಂಟ್ ಅಂಟು ಬಿಡುವಿಲ್ಲದೆ ಮೆತ್ತಿರಬೇಕು; ಸೂಜಿ ತೂತಿದ್ದರೂ ಮತ್ತೆ ಹಚ್ಚಿಸಿ. ಕೆಳಗಿಳಿದು ಗೋಡೆಯನ್ನು ಓರೆ ಬೆಳಕಿನಲ್ಲಿ ನೋಡಿ. ಫೈಬರ್‌ಗ್ಲಾಸ್ ಹಾಳೆ ಎಲ್ಲಾದರೂ ಉಬ್ಬಿದ್ದರೆ ಒಳಗಿನ ಅಂಟು ಬಿಟ್ಟಿದೆ ಎಂದರ್ಥ. ಅಂಥ ಕ್ಯಾಂಪರ್ ಬೇಡ ಅಂದುಬಿಡಿ. ಒಳಗೆ ಹಾಸಿಗೆ ಎತ್ತಿ, ಕಬೋರ್ಡಿನ ಮೂಲೆಗೆ ಕೈ ಹಾಕಿ ಒದ್ದೆ ಇದೆಯಾ ಮುಟ್ಟಿ ನೋಡಿ.

ನೀರಿನ ಪರೀಕ್ಷೆಗೆ ಸಾವಧಾನ ಬೇಕು. ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ತಣ್ಣೀರು ಬಿಸಿನೀರು ಎರಡೂ ನಲ್ಲಿಗಳನ್ನು ಗಾಳಿ ಬರುವುದು ನಿಲ್ಲುವವರೆಗೆ ತೆರೆದಿಡಿ. ನಲ್ಲಿ ಮುಚ್ಚಿದ ಸ್ವಲ್ಪ ಹೊತ್ತಿಗೆ ಪಂಪ್ ತಾನಾಗಿ ನಿಲ್ಲಬೇಕು. ಈಗ ಎಲ್ಲರನ್ನೂ ಹೊರಗೆ ಕಳಿಸಿ, ಹತ್ತಿಪ್ಪತ್ತು ನಿಮಿಷ ಸುಮ್ಮನೆ ಕೂತು ಕೇಳಿ. ಯಾರೂ ನಲ್ಲಿ ತೆರೆಯದಿದ್ದರೂ ಪಂಪ್ ಮಧ್ಯೆ ಮಧ್ಯೆ ಟುರ್ ಅಂದರೆ ಒತ್ತಡ ಎಲ್ಲೋ ಸೋರುತ್ತಿದೆ. ನಮ್ಮ ಕ್ಯಾಂಪರಿನಲ್ಲಿ ಹಾಗೇ ಆಯಿತು. ಸಿಂಕಿನ ಕೆಳಗೆ ಟಾರ್ಚ್ ಬಿಟ್ಟರೆ ಎಲ್ಲಾ ಒಣಗಿದಂತೆಯೇ ಕಂಡಿತು. ಒಂದೊಂದು ಜೋಡಣೆಗೂ ಟಿಶ್ಯೂ ಸುತ್ತಿ ತೆಗೆದಾಗ ಮೂಲೆಯ ಎಲ್ಬೋ (ಪೈಪ್ ತಿರುಗುವ ಕಡೆಯ ಜೋಡಣೆ) ಹತ್ತಿರದ ಕಾಗದದಲ್ಲಿ ಮಾತ್ರ ಬೇಳೆಯಷ್ಟು ಒದ್ದೆ. ಮೆಕ್ಯಾನಿಕ್ ಬಂದು ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದ, ಪಂಪ್ ಸುಮ್ಮನಾಯಿತು. ಅಷ್ಟೇ ಕೆಲಸ. ಬಿಟ್ಟಿದ್ದರೆ ಪ್ಲೈವುಡ್ ತಿಂಗಳುಗಟ್ಟಲೆ ನೀರು ಕುಡಿಯುತ್ತಿತ್ತು.

ಟ್ಯಾಂಕ್ ಇರುವ ವಾಟರ್ ಹೀಟರ್‌ಗೆ ನೀರು ತುಂಬಿದೆ ಅಂತ ಖಾತ್ರಿಯಾಗುವವರೆಗೆ, ಅಂದರೆ ಬಿಸಿನೀರಿನ ನಲ್ಲಿಯಲ್ಲಿ ಧಾರೆ ಒಂದೇ ಸಮನೆ ಬರುವವರೆಗೆ, ಕರೆಂಟ್ ಹಾಕಲು ಯಾರಿಗೂ ಬಿಡಬೇಡಿ. ಒಣಗಿದ ಟ್ಯಾಂಕಿನಲ್ಲಿ ಕಾಯಿಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಗ್ಯಾಸ್ ಜೋಡಣೆಗಳಿಗೆ ಸೋಪು ನೀರು ಹೊಡೆಯಿರಿ. ಗುಳ್ಳೆ ಬಂದರೆ ಅಲ್ಲಿಗೆ ನಿಲ್ಲಿಸಿ ಸರಿಮಾಡಿಸಿ. ಒಲೆಯ ಎಲ್ಲ ಬರ್ನರ್, ಹೀಟರ್, ಫ್ರಿಜ್ ಎಲ್ಲವನ್ನೂ ಗ್ಯಾಸಿನಲ್ಲೇ ಓಡಿಸಿ ನೋಡಿ. ಕೋಣೆ ಬಿಸಿ ಮಾಡುವ ಫರ್ನೇಸ್ ಮೊದಲ ಸಲ ಎಣ್ಣೆ ಸುಟ್ಟ ವಾಸನೆ ಬಿಡುತ್ತದೆ, ಕಿಟಕಿ ತೆರೆದಿಡಿ. ಪ್ರೋಪೇನ್ ಗಾಳಿಗಿಂತ ಭಾರ, ಹಾಗಾಗಿ ಅದರ ಅಲಾರಂ ನೆಲದ ಹತ್ತಿರ ಇರಬೇಕು. ಅದನ್ನೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅನ್ನೂ ಒತ್ತಿ ಕೂಗಿಸಿ, ಅವಧಿ ಮುಗಿಯುವ ದಿನಾಂಕ ಓದಿ. ಈ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು, ಮಲಗುವವರು ನೀವು.

ವಿದ್ಯುತ್ತಿನ ಪರೀಕ್ಷೆ ಬೇಗ ಮುಗಿಯುತ್ತದೆ. ಲೆಡ್ ಆಸಿಡ್ ಬ್ಯಾಟರಿ ತುಂಬಿದ್ದರೆ ಸುಮ್ಮನಿದ್ದಾಗ ಮೀಟರ್ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಹೊರಗಿನ ಕರೆಂಟ್ ಜೋಡಿಸಿದೊಡನೆ ಅದು 13ರ ಮೇಲೆ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ.

ಇನ್ನು ಟ್ರಕ್ಕಿಗೆ ಏರಿಸುವುದು. ಡೀಲರ್ ಹುಡುಗರು ಚಕಚಕನೆ ಮಾಡಿಬಿಡುತ್ತಾರೆ, ನಾವು ನೋಡುತ್ತ ನಿಂತಿರುತ್ತೇವೆ. ಹಾಗೆ ಬೇಡ. ಒಮ್ಮೆ ಅವರು ಮಾಡಲಿ, ಇಳಿಸಲಿ, ಮತ್ತೆ ನೀವೇ ಏರಿಸಿ. ಟ್ರಕ್ಕಿನ ಹಿಂಬಾಗಿಲು, ಅಂದರೆ ಟೈಲ್‌ಗೇಟ್ ಬಿಚ್ಚಿ, ಬೆಡ್ (ಟ್ರಕ್ಕಿನ ಹಿಂದಿನ ಸಾಮಾನು ತುಂಬುವ ತೊಟ್ಟಿ) ಮೇಲೆ ರಬ್ಬರ್ ಮ್ಯಾಟ್ ಹಾಸಿ; ಅದು ಕ್ಯಾಂಪರ್ ಜಾರದಂತೆ ಹಿಡಿಯುತ್ತದೆ. ಕ್ಯಾಂಪರನ್ನು ಎತ್ತಿ ನಿಲ್ಲಿಸುವ ನಾಲ್ಕೂ ಜ್ಯಾಕುಗಳನ್ನು ಸ್ವಲ್ಪ ಸ್ವಲ್ಪವೇ ಸಮವಾಗಿ ಎತ್ತಿ, ಕ್ಯಾಂಪರಿನ ಮೂಗು ಹಿಂಭಾಗಕ್ಕಿಂತ ತುಸು ಮೇಲಿರಲಿ. ನಮ್ಮನೆಯವರು ಟ್ರಕ್ ಹಿಂದಕ್ಕೆ ತರುತ್ತಾರೆ, ನಾನು ಅವರ ಕನ್ನಡಿಯಲ್ಲಿ ಕಾಣುವ ಕಡೆ, ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುತ್ತೇನೆ. ಟ್ರಕ್ಕಿಗೂ ಕ್ಯಾಂಪರಿಗೂ ನಡುವೆ ಯಾರೂ ನಿಲ್ಲಕೂಡದು. ಕ್ಯಾಂಪರ್ ಜ್ಯಾಕಿನ ಮೇಲಿರುವಾಗ ಅದರ ಕೆಳಗೆ ತಲೆ ಹಾಕಲೂ ಕೂಡದು. ಕೂತಮೇಲೆ ನಾಲ್ಕು ಮೂಲೆಯ ಟರ್ನ್‌ಬಕಲ್ (ಕ್ಯಾಂಪರನ್ನು ಟ್ರಕ್ಕಿಗೆ ಕಟ್ಟುವ, ತಿರುಗಿಸಿ ಬಿಗಿ ಮಾಡುವ ಸಲಾಕೆ) ಬಿಗಿಯಿರಿ. ಬೆಡ್‌ನ ತಗಡಿಗೆ ಕಟ್ಟುವ ಕೊಂಡಿಗಿಂತ ಟ್ರಕ್ಕಿನ ಫ್ರೇಮಿಗೇ ಕೂಡಿಸಿದ ಕೊಂಡಿಗಳು ನನಗೆ ಹೆಚ್ಚು ಧೈರ್ಯ ಕೊಡುತ್ತವೆ. ಕ್ಯಾಂಪರಿನ ದೀಪಗಳ ತಂತಿಯನ್ನು ಟ್ರಕ್ಕಿಗೆ ಸಿಕ್ಕಿಸಿ, ಬ್ರೇಕ್ ದೀಪ, ಇಂಡಿಕೇಟರ್ ಹತ್ತುತ್ತವಾ ಹಿಂದೆ ನಿಂತು ನೋಡಿ.

ಈಗ ಕಾಗದಗಳು. ಕ್ಯಾಂಪರಿನ ಫಲಕದ ಸೀರಿಯಲ್ ನಂಬರ್ ಬಿಲ್ಲಿನ ನಂಬರಿಗೆ ಅಕ್ಷರಶಃ ಹೊಂದಬೇಕು. ಉಳಿದ ರಿಪೇರಿ ಏನಿದ್ದರೂ, ಯಾವಾಗ ಮಾಡಿಕೊಡುತ್ತಾರೆ ಅನ್ನುವುದನ್ನೂ ಸೇರಿಸಿ ಬರಹದಲ್ಲಿ ಪಡೆಯಿರಿ. ಆಮೇಲೆ ಸಹಿ.

ಹೊರಡುವ ಮುನ್ನ ನೆಲದಿಂದ ಛಾವಣಿಯ ತುತ್ತತುದಿಯವರೆಗೆ ಅಳೆದು, ಎತ್ತರವನ್ನು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ಪೆಟ್ರೋಲ್ ಬಂಕಿನ ಚಾವಣಿ, ತಗ್ಗಾದ ಮರದ ಕೊಂಬೆ ಎದುರಾದಾಗ ಬೇಕಾಗುತ್ತದೆ. ನಿಧಾನಕ್ಕೆ ಹೋಗಿ, ತಿರುವುಗಳಲ್ಲಿ ವಾಲುವುದಕ್ಕೆ ಒಗ್ಗಿಕೊಳ್ಳಿ. ಹದಿನೈದಿಪ್ಪತ್ತು ಕಿಲೋಮೀಟರಿಗೆ ನಿಲ್ಲಿಸಿ ಟರ್ನ್‌ಬಕಲ್‌ಗಳನ್ನು ಮತ್ತೆ ಬಿಗಿಯಿರಿ, ಸಡಿಲಾಗಿಯೇ ಇರುತ್ತವೆ. ದಾರಿಯಲ್ಲಿ ವೇಬ್ರಿಡ್ಜ್ ಸಿಕ್ಕರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ ತೂಗಿಸಿ, ಬಾಗಿಲ ಚೌಕಟ್ಟಿನ ಲೇಬಲ್‌ನಲ್ಲಿರುವ ಆಕ್ಸಲ್ ಮಿತಿಗಳಿಗೆ ಹೋಲಿಸಿ ನೋಡಿ.